ಇಡ್ಲಿಗೆ ಐದು ಮೈಲಿ

ನಮ್ಮ ಕಚೇರಿಯಲ್ಲಿ ಇರುವ ಸಾಮಾನು ಮೂರೇ. ಒಂದು ತಕ್ಕಡಿ, ಒಂದು ಇಡ್ಲಿ ಪಾತ್ರೆ, ಒಂದು ಮೊಹರು. ಊರಿಗೆ ಯಾವ ಹೊಸ ಗಾಡಿ ಬಂದರೂ ಮೊದಲು ನಮ್ಮ ಅಂಗಳಕ್ಕೆ ಬರಬೇಕು. ನಾನು ಇಡ್ಲಿಗಳನ್ನು ಒಂದೇ ತೂಕಕ್ಕೆ ತೂಗಿ, ಬುಟ್ಟಿಗೆ ತುಂಬಿಕೊಂಡು ಡ್ರೈವರ್ ಪಕ್ಕ ಕೂರುತ್ತೇನೆ. ಗಾಡಿ ಹೊರಡುತ್ತದೆ, ಡ್ರೈವರಿಗೆ ಹಸಿವಾಗುತ್ತದೆ, ನಾನು ಇಡ್ಲಿ ಕೊಡುತ್ತೇನೆ, ಅವನು ತಿನ್ನುತ್ತಾನೆ, ಗಾಡಿ ಮುಂದೆ ಹೋಗುತ್ತದೆ. ಹಿಂದಿರುಗಿದ ಮೇಲೆ ಹೋದ ಮೈಲಿಯನ್ನು ತಿಂದ ಇಡ್ಲಿಯಿಂದ ಭಾಗಿಸಿ, ಬಂದದ್ದನ್ನು ಒಂದು ತಗಡಿನ ಮೇಲೆ ಬರೆದು, ಮೊಹರು ಒತ್ತಿ, ಗಾಡಿಯ ಹಿಂಭಾಗಕ್ಕೆ ಮೊಳೆ ಹೊಡೆಯುತ್ತೇನೆ. ಹದಿನಾರು ವರ್ಷದಿಂದ ಇದೇ ಕೆಲಸ. ಗುರುಮಲ್ಲಪ್ಪನ ಮೊಹರು ಎಂದರೆ ಊರಿನಲ್ಲಿ ಅದರ ಮೇಲೆ ಮಾತಿಲ್ಲ ಎನ್ನುತ್ತಿದ್ದರು. ಈಗಲೂ ಎನ್ನುತ್ತಾರೆ, ಆದರೆ ಎನ್ನುವಾಗ ಸ್ವಲ್ಪ ನಗುತ್ತಾರೆ. ಆ ನಗುವಿನ ಕಥೆಯೇ ಇದು.

ಬೇರೆ ಊರುಗಳಲ್ಲಿ ಗಾಡಿಗಳು ಏನೋ ಎಣ್ಣೆ ಕುಡಿಯುತ್ತವಂತೆ. ನಮ್ಮಲ್ಲಿ ಗಾಡಿ ಓಡುವುದು ಡ್ರೈವರ್ ಹೊಟ್ಟೆಯ ಮೇಲೆ. ಹೊಟ್ಟೆಯಲ್ಲಿ ಅನ್ನ ಇರುವಷ್ಟು ಹೊತ್ತು ಓಡುತ್ತದೆ, ಕರಗಿದರೆ ನಿಲ್ಲುತ್ತದೆ. ಪಕ್ಕದಲ್ಲಿ ಕೂತವರು ಎಷ್ಟು ತಿಂದರೂ ಅದು ಅವರ ಸುಖಕ್ಕೆ ಮಾತ್ರ. ಹಾಗಾಗಿ ನಮ್ಮಲ್ಲಿ ಮೂರು ದಾರಿ ಸೇರುವ ಕಡೆಯಲ್ಲೆಲ್ಲ ಹೋಟೆಲುಗಳಿವೆ, ಶಿವರಾತ್ರಿಯ ದಿನ ರಸ್ತೆಯಲ್ಲಿ ಒಂದು ಗಾಡಿಯೂ ಕಾಣುವುದಿಲ್ಲ. 'ಈ ದಿನ ಎರಡನೇ ಬಸ್ಸು ಇಲ್ಲ, ಡ್ರೈವರಿಗೆ ಹಲ್ಲುನೋವು' ಎಂದು ಬಸ್ ನಿಲ್ದಾಣದಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಮೆಣಸಿನಕಾಯಿ ಬಜ್ಜಿ ತಿಂದು ಹೊರಟರೆ ಗಾಡಿ ಜಿಗಿದು ಏಳುತ್ತದೆ. ಮೊಸರನ್ನ ತಿಂದು ಹೊರಟರೆ ನಿಧಾನಕ್ಕೆ ಹೋಗುತ್ತದೆ, ಆದರೆ ಬಹಳ ದೂರ ಹೋಗುತ್ತದೆ. ಸಿಹಿ ಮಾತ್ರ ನಂಬಬಾರದು, ಭರ್ರೆಂದು ಉರಿದು ಹೋಗುತ್ತದೆ. ಇದೆಲ್ಲ ನಮ್ಮ ಊರಿನ ಕೈಗೂಸಿಗೂ ಗೊತ್ತು.

ಗಂಡು ಹೆಣ್ಣು ನೋಡುವಾಗ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆಯೂ ಊಟದ್ದೇ. ಅಲ್ಲೇ ನನ್ನ ಗ್ರಹಚಾರ ಕೆಟ್ಟಿತ್ತು. ನಾನು ತಿನ್ನುವುದು ಎರಡು ಇಡ್ಲಿ. ಮೂರನೆಯದಕ್ಕೆ ಕೈ ಹಾಕಿದರೆ ತೇಗು ಬರುತ್ತದೆ. ನನ್ನ ಪುಟ್ಟ ಕಾರು ಇಡ್ಲಿಗೆ ಹನ್ನೆರಡು ಮೈಲಿ ಕೊಡುತ್ತದೆ, ಊರಿನಲ್ಲಿ ಅದನ್ನು ಮೀರಿಸಿದ ಗಾಡಿ ಇಲ್ಲ, ಆದ್ದರಿಂದ ನನಗೆ ಅಷ್ಟೇ ಸಾಕಾಗುತ್ತಿತ್ತು. ಹೆಣ್ಣಿನ ಕಡೆಯವರಿಗೆ ಸಾಕಾಗುತ್ತಿರಲಿಲ್ಲ. ನಾಲ್ಕು ಕಡೆ ಉಪ್ಪಿಟ್ಟು ಮುಂದಿಟ್ಟು, ನಾನು ಅರ್ಧ ತಟ್ಟೆ ಬಿಟ್ಟದ್ದನ್ನು ನೋಡಿ, ನಯವಾಗಿಯೇ ಬಾಗಿಲವರೆಗೆ ಬಂದು ಕಳಿಸಿಕೊಟ್ಟಿದ್ದರು. ನನ್ನನ್ನು ಸಾಕಿ ಬೆಳೆಸಿದ ಸಿದ್ದಕ್ಕ ಪ್ರತಿ ಸಲವೂ ದಾರಿಯುದ್ದಕ್ಕೂ ಬೈಯುತ್ತಿದ್ದಳು. "ಒಂದ್ ತಟ್ಟೆ ಉಪ್ಪಿಟ್ಟು ಕನ್ಲಾ! ಮುಗಿಸಿದ್ರೆ ನಿನ್ ಗಂಟೇನು ಹೋಗಿರದು?"

ದೇವೀರಮ್ಮ ನಮ್ಮ ಅಂಗಳಕ್ಕೆ ಬಂದದ್ದು ಒಂದು ಲಾರಿಯಲ್ಲಿ. ಬೆಟ್ಟದ ಮೇಲಿನ ಊರಿನವಳು. ಅಲ್ಲಿಂದ ಆಲೂಗಡ್ಡೆ ಇಳಿಸುವುದು, ಇಲ್ಲಿಂದ ಉಪ್ಪು ಅಕ್ಕಿ ಏರಿಸುವುದು ಅವಳ ಕೆಲಸ. ಲಾರಿಗೆ ಹೊಸ ಎಂಜಿನ್ ಹಾಕಿಸಿದ್ದರಿಂದ ತಗಡು ಬದಲಾಯಿಸಬೇಕಿತ್ತು. ಲಾರಿಯವರಿಗೆ ನಾವು ಇಡ್ಲಿ ಕೊಡುವುದಿಲ್ಲ, ಮುದ್ದೆ ಕೊಡುತ್ತೇವೆ. ಒಂದು ಮುದ್ದೆಗೆ ನಾಲ್ಕು ಇಡ್ಲಿ ಎಂದು ಕಚೇರಿಯ ಲೆಕ್ಕ. ಇಪ್ಪತ್ತೇಳು ಮೈಲಿಗೆ ಅವಳು ಒಂಬತ್ತು ಮುದ್ದೆ ತಿಂದಳು. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈಯಲ್ಲಿ ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ನುಂಗಿ, ನಡುವೆ ಹಾರನ್ನನ್ನೂ ಹೊಡೆಯುತ್ತಿದ್ದಳು. ನಾನು ಇಷ್ಟು ಚಂದವಾಗಿ ಉಂಡವರನ್ನು ಕಂಡೇ ಇರಲಿಲ್ಲ. ಅವಳನ್ನೇ ನೋಡುತ್ತ ಬಡಿಸಿದ್ದಕ್ಕೆ ಅರ್ಧ ಸಾರು ನನ್ನ ಪ್ಯಾಂಟಿನ ಮೇಲೆ ಬಿತ್ತು.

"ಇಡ್ಲಿ ಲೆಕ್ಕದಲ್ಲಿ ಮುಕ್ಕಾಲು ಮೈಲಿ," ಎಂದು ತಗಡಿನ ಮೇಲೆ ಬರೆದು, ಅಯ್ಯೋ ಪಾಪ ಎಂಬಂತೆ ಅವಳ ಮುಖ ನೋಡಿದೆ. "ನನ್ನ ಕಾರು ಹನ್ನೆರಡು ಕೊಡ್ತದೆ."

"ನಿಮ್ ಕಾರು ಎಷ್ಟು ಮೂಟೆ ಹೊರ್ತದೆ ಸಾಹೇಬ್ರೆ?"

"ಬಲವಂತ ಮಾಡಿದ್ರೆ ಎರಡು."

"ಇದು ಇನ್ನೂರು ಮೂಟೆ ಹೊತ್ಕಂಡು ಬಂದದೆ. ಇಷ್ಟನ್ನೂ ನಿಮ್ ಕಾರಲ್ಲಿ ತಕಂಬರಕ್ಕೆ ಎಷ್ಟು ಇಡ್ಲಿ ಬೇಕು ಅಂತ ಕೂತ್ಕಂಡು ಲೆಕ್ಕ ಹಾಕಿ. ನಾನು ತಿನ್ನದ್ನ ನೋಡ್ಬೇಡಿ, ಹೊರದ್ನ ನೋಡಿ."

ಅವಳು ಹೋದ ಮೇಲೆ ಕೂತುಕೊಂಡು ಲೆಕ್ಕ ಹಾಕಿದೆ. ನನ್ನ ಕಾರಿಗೆ ಆರು ಪಟ್ಟು ಹೆಚ್ಚು ಇಡ್ಲಿ ಬೇಕಿತ್ತು. ಹದಿನಾಲ್ಕು ವರ್ಷ ಲಾರಿಯವರನ್ನೆಲ್ಲ ಹೊಟ್ಟೆಬಾಕರು ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳು ಮತ್ತೆ ಯಾವಾಗ ಎಂಜಿನ್ ಬದಲಾಯಿಸುತ್ತಾಳೋ ಎಂಬ ಚಿಂತೆ ಹತ್ತಿತು. ಪುಣ್ಯಕ್ಕೆ ಅವಳು ಅಷ್ಟು ದಿನ ಕಾಯಿಸಲಿಲ್ಲ. ಮುಂದಿನ ವಾರ ಟೈರ್ ಬದಲಾಯಿಸಿ ಬಂದಳು, ಅದರ ಮುಂದಿನ ವಾರ ಕನ್ನಡಿ ಬದಲಾಯಿಸಿ ಬಂದಳು. ಕನ್ನಡಿ ಬದಲಾಯಿಸಿದರೆ ತಗಡು ಬದಲಾಯಿಸಬೇಕಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ತಗಡು ಬದಲಾಯಿತು.

ಹೆಣ್ಣು ಕೇಳಲು ಹೋದಾಗ ಅವಳ ತಂದೆ ಪುಟ್ಟಮಾದಪ್ಪನವರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಅಡ್ಡಡ್ಡ ನೋಡಲು ಏನೂ ಇರಲಿಲ್ಲ. "ಎರಡಿಡ್ಲಿ ಹೊಟ್ಟೆ ನಂಬ್ಕಂಡು ಮಗಳ್ನ ಹೆಂಗಪ್ಪ ಕೊಡ್ಲಿ? ನಾಳೆ ಮಕ್ಳು ಮರಿ ಆಯ್ತವೆ, ಎಲ್ರುನೂ ಆ ಬೆಂಕಿಪೊಟ್ಣದಲ್ಲಿ ಕೂರಿಸ್ಕಂಡು ಬಂದೀಯಾ?" ಎಂದರು. ಮಗಳು ಮೂರು ದಿನ ಊಟ ಬಿಟ್ಟಳು. ಅವಳು ಊಟ ಬಿಟ್ಟರೆ ಲಾರಿ ನಿಲ್ಲುತ್ತದೆ, ಲಾರಿ ನಿಂತರೆ ಬೆಟ್ಟದ ಮೇಲೆ ಉಪ್ಪಿಲ್ಲ. ನಾಲ್ಕನೆಯ ದಿನ ಊರಿನವರೇ ಬಂದು ಪುಟ್ಟಮಾದಪ್ಪನವರನ್ನು ಹಿಡಿದುಕೊಂಡರು. "ಆಯ್ತು, ದಿನ ಗೊತ್ತುಮಾಡಿ. ಅವತ್ತು ಏನ್ರಲ್ಲಿ ಬತ್ತಾನೋ ನೋಡಣ," ಎಂದು ಅವರು ಒಪ್ಪಿದರು.

ಆ ಮಾತಿನ ಹಿಂದೆ ಒಂದು ಪದ್ಧತಿ ಇತ್ತು. ಬೆಟ್ಟದ ಊರಿನಲ್ಲಿ ಮದುವೆ ಗಂಡು ಗಾಡಿಯನ್ನು ತಾನೇ ಓಡಿಸಿಕೊಂಡು ಮೇಲೆ ಬರಬೇಕು. ಬರುವಾಗ ಊರಿನ ಮನೆಗೊಂದರಂತೆ ಲಾಡು ತರಬೇಕು. ತೊಂಬತ್ತೇಳು ಮನೆ, ತೊಂಬತ್ತೇಳು ಲಾಡು. ಲಾಡು ಮುಟ್ಟದ ಮನೆಯವರು ಚಪ್ಪರದಲ್ಲಿ ಎದ್ದು ನಿಂತು "ನಮಗೆ ಒಪ್ಪಿಗೆ ಇಲ್ಲ" ಎಂದರೆ ತಾಳಿ ಕಟ್ಟುವ ಹಾಗಿಲ್ಲ. ಹಿಂದೆ ಒಬ್ಬ ಗಂಡು ತಂದ ಲಾಡುಗಳಲ್ಲಿ ಒಂದನ್ನು ಕೋತಿ ಎತ್ತಿಕೊಂಡು ಹೋಗಿ, ಆ ಸಂಬಂಧ ಅಲ್ಲಿಗೇ ಮುರಿದಿತ್ತು. ಪುಟ್ಟಮಾದಪ್ಪನವರ ಮನೆಯೂ ಆ ತೊಂಬತ್ತೇಳರಲ್ಲಿ ಒಂದು ಎಂಬುದು ನನಗೆ ಚೆನ್ನಾಗಿ ನೆನಪಿತ್ತು.

ಬೆಂಕಿಪೊಟ್ಟಣದ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಮಾವನ ಕಣ್ಣು ತುಂಬುವ ಗಾಡಿಯಲ್ಲಿ ಹೋಗಬೇಕು ಎಂದು ಜಿದ್ದು ಹುಟ್ಟಿತು. ಆಗ ನೆನಪಾದದ್ದು ಷಡಕ್ಷರಿಯ ಗಾಡಿ ಅಂಗಡಿಯಲ್ಲಿ ನಿಂತಿದ್ದ ಎಸ್‌ಯುವಿ. ಊರಿಗೆ ಬಂದ ಮೊದಲ ಎಸ್‌ಯುವಿ ಅದು. ಲಾರಿಯ ಎದೆ, ಕಾರಿನ ಮೆತ್ತೆ, ಹತ್ತಲು ಮೆಟ್ಟಿಲು, ಮೂರು ಸಾಲು ಸೀಟು. ನಾನೇ ಅದನ್ನು ಅಳೆದು ಇಡ್ಲಿಗೆ ಐದು ಮೈಲಿ ಎಂದು ತಗಡು ಹೊಡೆದಿದ್ದೆ. ಕಾರಿನಷ್ಟು ಮಿತವಲ್ಲ, ಲಾರಿಯಷ್ಟು ಅತಿಯಲ್ಲ, ಮಧ್ಯಮ. ಬೆಟ್ಟದ ಊರಿಗೆ ಇಪ್ಪತ್ತೆರಡು ಮೈಲಿ. ಐದು ಇಡ್ಲಿ ತಿಂದರೆ ಮುಟ್ಟಿ ಇನ್ನೂ ಮೂರು ಮೈಲಿ ಮಿಗುತ್ತದೆ. ಐದು ಇಡ್ಲಿ ನನಗೆ ಕಷ್ಟವೇ, ಆದರೆ ದೇವೀರಮ್ಮನಿಗಾಗಿ ಅಷ್ಟೂ ತಿನ್ನದಿದ್ದರೆ ಹೇಗೆ? ಮದುವೆಯ ದಿನದ ಮಟ್ಟಿಗೆ ಗಾಡಿ ಕೊಡು ಎಂದೆ, ಷಡಕ್ಷರಿ ಖುಷಿಯಿಂದ ಕೊಟ್ಟ.

ಮದುವೆಯ ದಿನ ಬೆಳಿಗ್ಗೆ ಸಿದ್ದಕ್ಕ ನಲವತ್ತು ಇಡ್ಲಿ ಬೇಯಿಸಿ ಕೂತಿದ್ದಳು.

"ಅಕ್ಕಾ, ಐದು ಸಾಕು. ನಾನೇ ಮೊಹರು ಒತ್ತಿದೀನಿ."

"ಮೊಹ್ರು ಬೆಟ್ಟ ಹತ್ತದಾ? ಬುತ್ತಿ ಇರ್ಲಿ ಬುಡು."

"ಬುತ್ತಿ ಕಟ್ಟಿದ್ರೆ ನನ್ನ ಮೊಹರಿಗೆ ಅವಮಾನ," ಎಂದು ಜಂಭ ಕೊಚ್ಚಿದೆ. ಅವಳು ಕೇಳಲಿಲ್ಲ, ಆರು ಇಡ್ಲಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ನಮ್ಮ ಕಡೆಯ ದಿಬ್ಬಣ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿತ್ತು. ಗಾಡಿಯಲ್ಲಿ ನಾನು, ಅಕ್ಕ, ಲಾಡು ತುಂಬಿದ ದೊಡ್ಡ ಡಬ್ಬ. ಪೇಟ ಕಟ್ಟಿಕೊಂಡು, ಅಷ್ಟು ಎತ್ತರದಲ್ಲಿ ಕೂತು, ಊರಿನ ಬೀದಿಯಲ್ಲಿ ಹೊರಟಾಗ ನನಗೆ ನೆಲವೇ ಕಾಣಲಿಲ್ಲ. ಎಲ್ಲರ ತಲೆಗಳು ಮಾತ್ರ ಕಾಣುತ್ತಿದ್ದವು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹಾರನ್ ಹೊಡೆದೆ, ಸಿಗದವರಿಗೂ ಹೊಡೆದೆ.

ನಾಲ್ಕು ಮೈಲಿ ದಾಟುವಷ್ಟರಲ್ಲಿ ಹೊಟ್ಟೆಯೊಳಗೆ ಏನೋ ಸರಿದಂತಾಯಿತು. ಅದು ಏನೆಂದು ಮೊದಲು ತಿಳಿಯಲಿಲ್ಲ, ಏಕೆಂದರೆ ನಾನು ಅದನ್ನು ಜೀವಮಾನದಲ್ಲಿ ಅನುಭವಿಸಿಯೇ ಇರಲಿಲ್ಲ. ಅದು ಹಸಿವು. ಒಬ್ಬಟ್ಟು, ಬೋಂಡ, ಬಿಸಿ ಅನ್ನಕ್ಕೆ ತುಪ್ಪ ಎಲ್ಲವೂ ಕಣ್ಣ ಮುಂದೆ ಬಂದು ಕುಣಿದವು. ಹತ್ತು ಮೈಲಿ ಬಯಲು ಮುಗಿದು ಬೆಟ್ಟದ ಬುಡ ಬಂದಾಗ ಐದು ಇಡ್ಲಿಯೂ ಕರಗಿ ಹೋಗಿದ್ದವು.

"ಅಕ್ಕಾ, ಐದಿಡ್ಲಿಗೆ ಹತ್ತೇ ಮೈಲಿ! ಅಂದ್ರೆ ಎರಡೇ ಬಿತ್ತು! ಎಲ್ಲೋ ತಪ್ಪಾಗಿದೆ!"

"ತಪ್ಪು ಆಮೇಲೆ ಹುಡ್ಕು, ಮೊದ್ಲು ಬಾಯ್ ತಗಿ," ಎಂದು ಅಕ್ಕ ಸೆರಗು ಬಿಚ್ಚಿ ಇಡ್ಲಿ ತುರುಕಿದಳು.

ತಪ್ಪು ಎಲ್ಲಿ ಆಗಿತ್ತು ಎಂದು ಎರಡನೆಯ ಇಡ್ಲಿ ನುಂಗುವಾಗ ಹೊಳೆಯಿತು. ಎಸ್‌ಯುವಿಯನ್ನು ಅಳತೆಗೆ ತಂದಿದ್ದವನು ಷಡಕ್ಷರಿಯ ಡ್ರೈವರ್, ಒಂದು ಕಾಲದ ಪೈಲ್ವಾನ್ ಚೌಡಯ್ಯ. ಗಾಡಿ ಹತ್ತುವ ಮೊದಲು ಡ್ರೈವರಿಗೆ "ಬೆಳಿಗ್ಗೆ ಏನು ತಿಂದೆ?" ಎಂದು ಕೇಳಬೇಕು. ಅದು ನಮ್ಮ ಕಚೇರಿಯ ಮೊದಲನೆಯ ನಿಯಮ. ತಿಂದು ಬಂದಿದ್ದರೆ ಅವತ್ತು ಅಳತೆ ಇಲ್ಲ. ಆ ದಿನ ನಾನು ಅವನ ಬಾಯಿ ಕಡೆ ತಿರುಗಿದ ಗಳಿಗೆಗೆ ಸರಿಯಾಗಿ ಹೊಸ ಕನ್ನಡಿಯ ಲಾರಿ ಅಂಗಳಕ್ಕೆ ಬಂದಿತ್ತು. ಅದರಲ್ಲಿ ಅವಳು ತಲೆಗೆ ಕನಕಾಂಬರ ಮುಡಿದಿದ್ದಳು. ನಾನು ಕೇಳಬೇಕಾದ್ದನ್ನು ಕೇಳಲಿಲ್ಲ. ಚೌಡಯ್ಯ ಮೊದಲೇ ಎಷ್ಟು ಬಾರಿಸಿ ಬಂದಿದ್ದನೋ ದೇವರೇ ಬಲ್ಲ. ನಾನು ನನ್ನ ಮೊಹರನ್ನು ನಂಬಿದ್ದೆ, ಮೊಹರು ಕನಕಾಂಬರವನ್ನು ನಂಬಿತ್ತು.

ಏರು ದಾರಿಯಲ್ಲಿ ಆ ಗಾಡಿ ತಿಂದದ್ದನ್ನು ಏನೆಂದು ಹೇಳಲಿ! ಆರು ಇಡ್ಲಿ ಮೂರು ಮೈಲಿಗೆ ಸಾಕಾದವು. ಆಮೇಲೆ ಗಾಡಿಯಲ್ಲಿ ತಿನ್ನುವಂಥದ್ದು ಒಂದೇ ಉಳಿದಿತ್ತು. ಅಕ್ಕ ನನ್ನ ಮುಖ ನೋಡಿದಳು, ನಾನು ಡಬ್ಬ ನೋಡಿದೆ.

"ಬೇಡ ಗುರು. ಮನೆಗೊಂದು."

"ಮೂರು ಹೆಚ್ಚಿಗೆ ಹಾಕಿದೀಯಲ್ಲ?"

ಆ ಮೂರು ಮೊದಲನೆಯ ತಿರುವಿಗೇ ಮುಗಿದವು. ಆಮೇಲಿನದ್ದಕ್ಕೆ ನಾನು ಜವಾಬ್ದಾರನಲ್ಲ. ತುಪ್ಪದ ವಾಸನೆ, ಏಲಕ್ಕಿ, ನಡುವೆ ಸಿಗುವ ದ್ರಾಕ್ಷಿ, ಮೂವತ್ತನಾಲ್ಕು ವರ್ಷದ ಹಸಿವೆಲ್ಲ ಒಟ್ಟಿಗೆ ಎದ್ದು ಕೂತಿತು. ಲಾಡು ಬಾಯಿಗೆ ಬಿದ್ದ ಕೂಡಲೇ ಗಾಡಿ ಘರ್ಜಿಸಿ ಇನ್ನೂರೈವತ್ತು ಗಜ ಹಾರುತ್ತಿತ್ತು, ಮತ್ತೆ ಸುಸ್ತಾಗುತ್ತಿತ್ತು. ಮತ್ತೊಂದು ಲಾಡು, ಮತ್ತೆ ಅಷ್ಟೇ ದೂರ. ನಾನು ಹಾಡುತ್ತಿದ್ದೆ. ಅಕ್ಕ ಶಿವ ಶಿವಾ ಎನ್ನುತ್ತಿದ್ದಳು. ಎರಡಿಡ್ಲಿಯ ಗುರುಮಲ್ಲಪ್ಪ ಲಾಡಿನ ಮೇಲೆ ಲಾಡು ತಿಂದು ಗಲ್ಲದ ತುಂಬ ಬೂಂದಿ ಅಂಟಿಸಿಕೊಂಡು ಬೆಟ್ಟ ಹತ್ತುವುದನ್ನು ನೋಡಲು ಅಲ್ಲಿ ಕೋತಿಗಳ ಹೊರತು ಯಾರೂ ಇರಲಿಲ್ಲ. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ, ಅದನ್ನು ಈಗಲೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಏಳನೆಯ ತಿರುವಿನಲ್ಲಿ ಅಕ್ಕ ಡಬ್ಬದ ಮುಚ್ಚಳ ಹಾಕಿ ಅದರ ಮೇಲೆ ಕೂತಳು. "ಇನ್ನೊಂದ್ ಮುಟ್ಟುದ್ರೆ ಕೈ ಮುರೀತೀನಿ. ಮೂವತ್ತೊಂದು ಮನೆ ನುಂಗಿದೀಯ ಕನ್ಲಾ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಗಾಡಿ ನಿಂತಿತು. ಇನ್ನೂ ನಾಲ್ಕು ಮೈಲಿ ಏರಬೇಕು. ಮುಹೂರ್ತಕ್ಕೆ ಮುಕ್ಕಾಲು ಗಂಟೆ. ಡಬ್ಬದಲ್ಲಿ ಅರವತ್ತಾರು ಲಾಡು.

ಸಕ್ಕರೆಯ ಅಮಲು ಇಳಿದದ್ದೇ ತಡ, ಮಾಡಿಕೊಂಡದ್ದು ಏನೆಂದು ಗೊತ್ತಾಯಿತು. ಮೂವತ್ತೊಂದು ಮನೆಯವರು ಒಬ್ಬರಾದ ಮೇಲೊಬ್ಬರು ಎದ್ದು ನಿಲ್ಲುವುದು, ಕೊನೆಗೆ ಪುಟ್ಟಮಾದಪ್ಪನವರೂ ಹೆಗಲಿನ ವಸ್ತ್ರ ಕೊಡವಿ ಏಳುವುದು ಕಣ್ಣಿಗೆ ಕಟ್ಟಿತು. ನನ್ನ ಕಾರಿನಲ್ಲೇ ಬಂದಿದ್ದರೆ ಬೆಳಿಗ್ಗೆ ತಿಂದ ಐದು ಇಡ್ಲಿಗೇ ಮೇಲೆ ಮುಟ್ಟಿರುತ್ತಿದ್ದೆ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡು, ನಾಚಿಕೆಯಿಲ್ಲದೆ ಅತ್ತೆ.

ಆಗ ಮೇಲಿನಿಂದ ಹಾರನ್ ಕೇಳಿಸಿತು. ಆ ಹಾರನ್ ನನಗೆ ಗೊತ್ತು. ತಿರುವಿನಲ್ಲಿ ಲಾರಿ ಬಂದು ನಿಂತಿತು, ಬಾಸಿಂಗ ಕಟ್ಟಿಕೊಂಡು, ಕೈತುಂಬ ಹಸಿರು ಬಳೆ ತೊಟ್ಟ ದೇವೀರಮ್ಮ ಇಳಿದಳು.

"ನಮ್ಮನೆ ಮಾಳ್ಗೆ ಮೇಲ್ನಿಂದ ಎಲ್ಲಾ ತಿರುವೂ ಕಾಣ್ತವೆ. ಮದುವಣಗಿತ್ತಿ ಮಾಡ್ಬೇಕಾದ ಕೆಲ್ಸ ಅಲ್ಲ ಅಂದ್ರು, ಆದ್ರೂ ಹತ್ತಿ ನಿಂತಿದ್ದೆ," ಎಂದು ಅವಳು ನನ್ನ ಗಲ್ಲ ನೋಡಿದಳು, ಅಕ್ಕ ಕೂತಿದ್ದ ಡಬ್ಬ ನೋಡಿದಳು. "ಎಷ್ಟು ತಿಂದ್ರಿ?"

"ಹೆಚ್ಚಿಗೆ ಮೂರು. ಅದ್ರ ಮೇಲೆ ಮೂವತ್ತೊಂದು."

ಅವಳು ಲಾರಿಯ ಚಕ್ರ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಲ್ಲೇ ಕುಸಿದು ಕೂತಳು, ಬಾಸಿಂಗ ಓರೆಯಾಯಿತು. ಸಿದ್ದಕ್ಕ ಮೊದಲು ಗದರಿದಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಕೊನೆಗೆ ದೇವೀರಮ್ಮ ಕಣ್ಣೊರೆಸಿಕೊಂಡು, ಲಾರಿಯನ್ನು ತಿರುಗಿಸಿ ನಿಲ್ಲಿಸಿ, ಅದರ ಹಗ್ಗ ತಂದು ಎಸ್‌ಯುವಿಯ ಮುಂಭಾಗಕ್ಕೆ ಬಿಗಿದಳು.

"ಗಂಡು ತಾನೇ ಓಡಿಸ್ಕಂಡು ಬರ್ಬೇಕು ಅಲ್ವೇನವ್ವ?" ಎಂದಳು ಅಕ್ಕ, ಅಳುಕಿನಿಂದ.

"ಸ್ಟೇರಿಂಗ್ ಅವ್ರ ಕೈಲೇ ಇರ್ಲಿ ಅಕ್ಕಾ. ಹಗ್ಗದ್ ಮಾತು ಯಾರೂ ಆಡಿಲ್ಲ."

ಹಾಗೆ ನಾನು ನನ್ನ ಮದುವೆಗೆ ಹೋದೆ. ಮುಂದೆ ಮೂರು ಮುದ್ದೆ ಉಂಡು ಬಂದಿದ್ದ ದೇವೀರಮ್ಮನ ಲಾರಿ, ಹಿಂದೆ ಹಗ್ಗಕ್ಕೆ ಜೋತುಬಿದ್ದ ಎಸ್‌ಯುವಿ, ಅದರಲ್ಲಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ ನಾನು. ಲಾರಿಗೆ ನಾವು ಹಿಂದೆ ಇದ್ದೇವೆ ಎಂಬುದೇ ತಿಳಿದಂತಿರಲಿಲ್ಲ.

ಚಪ್ಪರದಲ್ಲಿ ತೊಂಬತ್ತೇಳು ಮನೆಯವರೂ ಕೂತಿದ್ದರು. ಲಾಡು ಹಂಚಿದಂತೆ ಡಬ್ಬದ ತಳ ಕಂಡಿತು, ಗುಜುಗುಜು ಎದ್ದಿತು. ನಾನು ಮಣೆಯಿಂದ ಎದ್ದು, ಕೈ ಮುಗಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚೌಡಯ್ಯನನ್ನು ಕೇಳದೆ ಬಿಟ್ಟದ್ದು, ಸುಳ್ಳು ತಗಡಿಗೆ ಮೊಹರು ಒತ್ತಿದ್ದು, ಅದನ್ನೇ ನಂಬಿ ಜಂಭ ಪಟ್ಟದ್ದು, ಲಾಡು ತಿಂದದ್ದು. ಕನಕಾಂಬರದ ವಿಷಯವನ್ನೂ ಬಿಡಲಿಲ್ಲ. "ಮೂವತ್ತೊಂದು ಮನೆಗೆ ಲಾಡಿಲ್ಲ. ತಪ್ಪು ನನ್ನದು," ಎಂದೆ.

ಪುಟ್ಟಮಾದಪ್ಪನವರು ಎದ್ದು ನಿಂತರು. ಅವರ ಮನೆಗೂ ಲಾಡು ಮುಟ್ಟಿರಲಿಲ್ಲ. ದೇವೀರಮ್ಮ ಬಳೆ ಸದ್ದಾಗದಂತೆ ಕೈ ಬಿಗಿಹಿಡಿದು ಕೂತಿದ್ದಳು.

"ಏನಂದೆ? ಮೂವತ್ತೊಂದಾ?"

"ಒಟ್ಟು ಮೂವತ್ನಾಲ್ಕು. ಮೂರು ಹೆಚ್ಚಿಗೆ ಇದ್ವು."

"ಒಂದೇ ಬೆಳಿಗ್ಗೆ?"

"ಹನ್ನೊಂದು ಇಡ್ಲಿ ಆದ ಮೇಲೆ," ಎಂದಳು ಸಿದ್ದಕ್ಕ. ಜೀವಮಾನದಲ್ಲೇ ಮೊದಲ ಸಲ ಅವಳ ದನಿಯಲ್ಲಿ ನನ್ನ ಊಟದ ಬಗ್ಗೆ ಹೆಮ್ಮೆ ಇತ್ತು.

ಪುಟ್ಟಮಾದಪ್ಪನವರು ಸಭೆಯ ಕಡೆ ತಿರುಗಿದರು. ಅವರ ಮುಖ ಅಗಲವಾಗುತ್ತ ಹೋಯಿತು. "ಕೇಳುದ್ರೇನ್ರಪ್ಪ? ಎರಡಿಡ್ಲಿ ಆಸಾಮಿ ಅಂತ ನಾನು ಆರು ತಿಂಗ್ಳಿಂದ ನಿದ್ದೆಗೆಟ್ಟಿದ್ದೆ! ನನ್ ಮಗಳ ಮನೇಲಿ ಒಲೆ ಹಚ್ಚಕ್ಕೆ ಒಂದು ಕಾರಣ ಸಿಕ್ತು ಬುಡಿ. ನಮ್ ಮನೆ ಒಪ್ಗೆ ಅದೆ!" ಎಂದರು.

ಉಳಿದ ಮೂವತ್ತು ಮನೆಯವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ತಲೆ ತಲೆ ಸೇರಿಸಿ ಮಾತಾಡಿ, ಒಬ್ಬ ಅಜ್ಜಿಯ ಬಾಯಿಂದ ತೀರ್ಪು ಹೇಳಿಸಿದರು. ಲಾಡು ಕೊಡದ ಅಳಿಯ ಆ ಮೂವತ್ತು ಮನೆಗೂ ಒಂದೊಂದು ದಿನ ಬಂದು, ಎಲೆಯಲ್ಲಿ ಏನೂ ಬಿಡದೆ ಊಟ ಮಾಡಿ ಹೋಗಬೇಕು. ನಾನು ಬೆರಳು ಮಡಚಿ ಮೂವತ್ತು ಎಲೆಗಳ ಲೆಕ್ಕ ಹಾಕತೊಡಗಿದೆ. ದೇವೀರಮ್ಮನ ಬಳೆಗಳು ಮಾತ್ರ ಘಲ್ಲೆಂದವು. ವಾಲಗದವರು ಹೇಳಿಸಿಕೊಳ್ಳದೆ ಶುರುಮಾಡಿದರು, ನಾನು ತಾಳಿ ಕಟ್ಟಿದೆ, ಅವಳು ತಲೆ ತಗ್ಗಿಸಿಕೊಂಡೇ ಸೆರಗಿನ ಅಂಚಿನಿಂದ ನನ್ನ ಗಲ್ಲದ ಮೇಲಿನ ಕೊನೆಯ ಬೂಂದಿ ಒರೆಸಿದಳು.

ಈಗ ತಿಂಗಳಿಗೊಮ್ಮೆ ನನ್ನ ಪುಟ್ಟ ಕಾರಿನಲ್ಲಿ ಬೆಟ್ಟ ಹತ್ತುತ್ತೇನೆ. ಹದಿಮೂರು ಮನೆ ಮುಗಿದಿವೆ. ಅವರು ಹಾಕುವ ಊಟಕ್ಕೆ ನನ್ನ ಕಾರು ವಾರವಿಡೀ ಓಡಿ ಇನ್ನೂ ಮಿಗುತ್ತದೆ. ಎಸ್‌ಯುವಿಯನ್ನು ಮತ್ತೆ ಅಳೆದೆ, ಚೌಡಯ್ಯನನ್ನು ಹಿಂದಿನ ದಿನದಿಂದ ಕಚೇರಿಯಲ್ಲೇ ಕೂರಿಸಿಕೊಂಡು. ಬಯಲಿನಲ್ಲಿ ಎರಡು, ಬೆಟ್ಟದಲ್ಲಿ ಅರ್ಧ. ಹಳೆಯ ತಗಡನ್ನು ಕಿತ್ತು ಕಚೇರಿಯ ಗೋಡೆಗೇ ತೂಗುಹಾಕಿದ್ದೇನೆ. ಬಂದವರು ಅದನ್ನು ಓದಿ ನಗುತ್ತಾರೆ, ನಾನೂ ನಗುತ್ತೇನೆ.

ದೇವೀರಮ್ಮನ ಲಾರಿ ಹೋದ ವಾರ ಮತ್ತೆ ಅಂಗಳಕ್ಕೆ ಬಂತು. ಈ ಸಲ ಕನ್ನಡಿಯನ್ನೂ ಬದಲಾಯಿಸಿರಲಿಲ್ಲ.

"ನನ್ ತಗಡಲ್ಲಿ ತಿನ್ನದೊಂದೇ ಬರ್ದಿದೀರ. ಹೊರದು ಎಲ್ಲಿ?" ಎಂದು ಸೊಂಟಕ್ಕೆ ಕೈಯಿಟ್ಟು ಕೇಳಿದಳು.

ನಮ್ಮ ಕಚೇರಿಯಲ್ಲಿ ಹೊರೆ ಬರೆಯುವ ಪದ್ಧತಿ ಎಂದೂ ಇರಲಿಲ್ಲ. ಆದರೂ ಹೊಸ ತಗಡು ತೆಗೆದುಕೊಂಡೆ. ಮೇಲೆ 'ಇಡ್ಲಿಗೆ ಮುಕ್ಕಾಲು ಮೈಲಿ' ಎಂದು ಬರೆದು, ಅದರ ಕೆಳಗೆ 'ಹೊರುವುದು: ಇನ್ನೂರು ಮೂಟೆ, ಒಬ್ಬ ಗಂಡ' ಎಂದು ಸೇರಿಸಿ, ಎರಡು ಸಲ ಓದಿ ನೋಡಿ, ಮೊಹರು ಒತ್ತಿದೆ.